ಗಂಗಾಂಬಿಕೆಯ ಎಡಮಗ್ಗುಲು

ದೇವಕ್ಕ ಮೋನಪ್ಪ ತಾಂಡೇಲನನ್ನು ಮೊದಲ ಸಲ ನೋಡಿದ್ದು ಗಾಳಿಯಲ್ಲಿ ಹಾರುತ್ತಿದ್ದ ತನ್ನ ಟಿಫಿನ್ ಡಬ್ಬಿಯ ಕೆಳಗೆ.

ಡಬ್ಬಿ ನಾಲ್ಕು ಅಂತಸ್ತಿನದು. ಕೆಳಗಿನಿಂದ ಮೇಲಕ್ಕೆ ಎಣ್ಣೆಗಾಯಿ, ಝುಣಕ, ಮೊಸರು, ಶೇಂಗಾ ಹೋಳಿಗೆ. (ರೊಟ್ಟಿ ಬೇರೆ, ಒಗೆದ ಧೋತರದ ತುಂಡಿನಲ್ಲಿ ಸುತ್ತಿದ್ದು. ದೇವಕ್ಕನ ವಿಷಯದಲ್ಲಿ ಯಾವುದನ್ನೂ ಸುಮಾರಾಗಿ ಹೇಳುವ ಹಾಗಿಲ್ಲ.) ವಡಾಲದಿಂದ ಹಾರ್ಬರ್ ಲೋಕಲ್ಲಿನಲ್ಲಿ ಗೋರೆಗಾಂವ್‌ವರೆಗೆ, ಅಲ್ಲಿ ಗಾಡಿ ಬದಲಿಸಿ ಮಲಾಡ್‌ವರೆಗೆ, ಅಲ್ಲಿಂದ ಬಸ್ಸಿನಲ್ಲಿ ಖಾಡಿಯ, ಅಂದರೆ ಕಡಲ ಹಿನ್ನೀರಿನ, ದಂಡೆಯ ಜೆಟ್ಟಿಯವರೆಗೆ ಒಂದು ಹನಿ ಮೊಸರು ಚೆಲ್ಲದೆ ಬಂದ ಡಬ್ಬಿ ಅದು. ಅಂಥ ಡಬ್ಬಿಯನ್ನು ಅವಳ ತಮ್ಮ ಕಾಶಿನಾಥ, ಅವಳನ್ನೂ ಕೂರಿಸಿಕೊಂಡು ಹೊರಟಿದ್ದ ತನ್ನ ಹೊಸ (ಅಂದರೆ ಬಹಳ ಹಳೆಯ) ದೋಣಿಯನ್ನು ಜೆಟ್ಟಿಗೆ ಗುದ್ದಿ, ಒಂದೇ ಏಟಿಗೆ ಆಕಾಶಕ್ಕೆ ಕಳಿಸಿಬಿಟ್ಟ. ಜೆಟ್ಟಿಯ ಮೇಲೆ ನಿಂತು ಬೀಡಿ ಸೇದುತ್ತಿದ್ದ ಲುಂಗಿಯ ಮುದುಕನೊಬ್ಬ ಬೀಡಿಯನ್ನು ಬಾಯಲ್ಲೇ ಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕೈಯಿಂದ ಡಬ್ಬಿಯನ್ನು ಹಿಡಿದ. ಮೊಸರು ಆಗಲೂ ಚೆಲ್ಲಲಿಲ್ಲ.

"ಬ್ರೇಕ್ ಎಲ್ಲೈತಿ? ಇದರ ಬ್ರೇಕ್ ಎಲ್ಲೈತಿ?" ಎಂದು ಕಾಶಿನಾಥ ಕಾಲಿನಿಂದ ದೋಣಿಯ ತಳವನ್ನೆಲ್ಲ ತುಳಿಯುತ್ತಿದ್ದ.

"ದೋಣಿಗೆ ಬ್ರೇಕ್ ಇಲ್ಲ ಮಾರಾಯ್ರೇ," ಎಂದ ಮುದುಕ ಬೀಡಿಯ ಸಂದಿಯಿಂದ. ಗುದ್ದಿದ ರಭಸಕ್ಕೆ ದೋಣಿ ಹಿಂದಕ್ಕೆ ಚಿಮ್ಮಿ, ಇಳಿತದ ನೀರಿನ ಕೈಗೆ ಸಿಕ್ಕಿ, ಸಮುದ್ರದ ಕಡೆ ಮುಖ ಮಾಡಿತ್ತು. ಮುದುಕ ದೇವಕ್ಕನ ಕಡೆ ತಿರುಗಿದ. "ಅಕ್ಕಾ, ಊಟ ನನ್ನ ಹತ್ತಿರ ಉಂಟು. ದೋಣಿ ಹೋಗ್ತಾ ಉಂಟು. ನಿಮಗೆ ಹಗ್ಗ ಕಟ್ಟಲಿಕ್ಕೆ ಬರ್ತದಾ?"

ಇದು ಮೋನಪ್ಪ ಅವಳಿಗೆ ಕೇಳಿದ ಮೊದಲ ಪ್ರಶ್ನೆ.

ಹಗ್ಗ! ದೇವಕ್ಕ ಏಳನೆಯ ವಯಸ್ಸಿನಿಂದ ಹದಿನೇಳನೆಯ ವಯಸ್ಸಿನವರೆಗೆ, ಎಂದರೆ ಮದುವೆಯಾಗಿ ಮುಂಬಯಿಗೆ ಬರುವ ಹಿಂದಿನ ದಿನದವರೆಗೆ, ಇಂಡಿ ತಾಲೂಕಿನಲ್ಲಿ ಮೂರು ಎಮ್ಮೆಗಳನ್ನು ಕಟ್ಟಿ ಬಿಚ್ಚಿದವಳು. ಅವಳು ದೋಣಿಯ ಮೂತಿಯ ಬಳಿ ಬಿದ್ದಿದ್ದ ಹಗ್ಗವನ್ನು ಎತ್ತಿ, ಒಂದು ಸುತ್ತು ಬೀಸಿ ಎಸೆದಳು. ಅದರ ಕುಣಿಕೆ ಜೆಟ್ಟಿಯ ಕಬ್ಬಿಣದ ಗೂಟಕ್ಕೆ ಎಮ್ಮೆಯ ಕೋಡಿಗೆ ಬಿದ್ದ ಹಾಗೆ ಬಿತ್ತು. ಈಚೆಯ ತುದಿಯನ್ನು ದೋಣಿಯ ಗೂಟಕ್ಕೆ ಎರಡು ಸುತ್ತು ಹಾಕಿ, ಎರಡನೆಯದನ್ನು ಮೊದಲನೆಯದರ ಅಡಿ ನುಗ್ಗಿಸಿ ಜಗ್ಗಿದಳು. ದೋಣಿ ಗಕ್ಕನೆ ನಿಂತು ನಾಚಿದ ಹಾಗೆ ಜೆಟ್ಟಿಯ ಕಡೆ ಬಂತು.

ಮೋನಪ್ಪ ಆ ಗಂಟನ್ನು ಬಗ್ಗಿ ನೋಡಿದ. ನಲವತ್ತೆಂಟು ವರ್ಷ ಮೀನಿನ ದೋಣಿ ನಡೆಸಿದ ಮಂಗಳೂರ ಕಡೆಯ ತಾಂಡೇಲ. ಸುಲಭಕ್ಕೆ ತಲೆದೂಗುವವನಲ್ಲ.

"ಕಾಶಿನಾಥರೇ," ಎಂದ, "ದೋಣಿ ಬಿಡಲಿಕ್ಕೆ ನಿಮಗೆ ನಾನು ಕಲಿಸ್ತೇನೆ. ಆದ್ರೆ ಹಗ್ಗ ಅಕ್ಕನದ್ದು. ಬೇರೆ ಯಾರೂ ಮುಟ್ಟುವುದು ಬೇಡ."

ಹೀಗೆ ಅರವತ್ತೇಳನೆಯ ವಯಸ್ಸಿನಲ್ಲಿ ದೇವಕ್ಕ ಹಗ್ಗ ಖಾತೆಯ ಮಂತ್ರಿಯಾದಳು.

ಈಗ ಈ ದೋಣಿ ಬಂದದ್ದು ಹೇಗೆಂದು ಹೇಳಬೇಕು. ಕಾಶಿನಾಥ ವಿಕ್ರೋಳಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಮೂವತ್ನಾಲ್ಕು ವರ್ಷ ದುಡಿದು ನಿವೃತ್ತನಾದ. ಮರುದಿನದಿಂದ ಮಲಾಡಿನ ಮನೆಯ ಅಡುಗೆಮನೆಯನ್ನೇ ಸ್ಟೋರು ಮಾಡಿದ. ಸಾಸಿವೆ ಡಬ್ಬಿಗೆ ನಂಬರು, ಜೀರಿಗೆ ಡಬ್ಬಿಗೆ ನಂಬರು. ಹೆಂಡತಿ ರಂಜನಾ ಒಗ್ಗರಣೆ ಹಾಕುವಾಗ ಪಕ್ಕದಲ್ಲಿ ನಿಂತು "ಏಳನೇ ನಂಬರ್ ಮೊದಲ, ಆಮ್ಯಾಲ ಹನ್ನೊಂದು" ಎನ್ನುತ್ತಿದ್ದ. ಹತ್ತೊಂಬತ್ತನೆಯ ದಿನ ರಂಜನಾ ಸೌಟು ಕೆಳಗಿಟ್ಟು ಕೈಮುಗಿದಳು. "ದಿನಾ ಎರಡ ತಾಸು ಎಲ್ಲೆರ ಹೋಗಿ ಬರ್ರಿ. ಎಲ್ಲಿ ಅಂತ ನಾ ಕೇಳಂಗಿಲ್ಲ."

ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಆರು ದಿನ ಬಿಟ್ಟು ಹಾರ ಹಾಕಿದ ಒಂದು ದೋಣಿಯ ಫೋಟೋ ತಂದು ತೋರಿಸಿದ. ದುಬೈಗೆ ಹೊರಟ ಯಾರೋ ಗಡಿಬಿಡಿಯಲ್ಲಿ ಮಾರಿದ ದೋಣಿ. ಹೊಟ್ಟೆಯೊಳಗೆ ಒಂದೇ ಇಂಜಿನು, ಬಾಲದಡಿ ಒಂದೇ ಪಂಖ, ಪಂಖದ ಹಿಂದೆ ಚುಕ್ಕಾಣಿ. ಕಾಶಿನಾಥ ಅದಕ್ಕೆ 'ಗಂಗಾಂಬಿಕೆ' ಎಂದು ಹೆಸರಿಟ್ಟ. ರಂಜನಾ 'ಸವತಿ' ಎಂದು ಇಟ್ಟಳು.

ಅಕ್ಕತಮ್ಮಂದಿರಿಬ್ಬರೂ ಹುಟ್ಟಿದ ಊರಿನಲ್ಲಿ ನೀರೆಂದರೆ ಬಾವಿಯೊಳಗೆ ಅಲುಗಾಡದೆ ತನ್ನ ಪಾಡಿಗೆ ತಾನಿರುವಂಥದ್ದು. ಏರುವ, ಇಳಿಯುವ, ಎಳೆದುಕೊಂಡು ಹೋಗುವ ನೀರಿನ ಪರಿಚಯ ಅವರಿಗಿರಲಿಲ್ಲ. ಆದರೂ ದೇವಕ್ಕ ಪೂಜೆಗೆಂದು ಬಂದವಳು ಮರುಭಾನುವಾರವೂ ಬಂದಳು. ಅದರ ಮರುಭಾನುವಾರವೂ ಬಂದಳು. ಗಂಡ ತೀರಿಕೊಂಡ ಹನ್ನೊಂದು ವರ್ಷಗಳಲ್ಲಿ ಅವಳು ವಡಾಲ ಬಿಟ್ಟು ಹೋಗಿದ್ದು ಮದುವೆಗೆ, ಮೈಲಿಗೆಗೆ ಮತ್ತು ಕಣ್ಣಿನ ಡಾಕ್ಟರರ ಬಳಿಗೆ ಮಾತ್ರ. ಈಗ ಭಾನುವಾರ ಎಂಟಕ್ಕೆಲ್ಲ ಗಾಳಿಗೆ ಸೆರಗು ಬಿಟ್ಟು ನೀರಿನ ಮೇಲೆ ಕೂತಿರುತ್ತಿದ್ದಳು. ಶನಿವಾರ ರಾತ್ರಿ ರೊಟ್ಟಿ ಬಡಿಯುವಾಗ ಅವಳ ಕೈಯ ತಾಳವೇ ಬೇರೆ ಎಂದು ಸೊಸೆ ವೈಶಾಲಿ ಪತ್ತೆ ಹಚ್ಚಿದ್ದಳು.

ಆದರೆ ದೋಣಿ ಮಾತ್ರ ಜೆಟ್ಟಿಗೆ ಕೂಡುತ್ತಿರಲಿಲ್ಲ. (ಮೋನಪ್ಪನ ಊರಿನಲ್ಲಿ ಜೆಟ್ಟಿಗೆ 'ಧಕ್ಕೆ' ಎನ್ನುತ್ತಾರಂತೆ. ಕಾಶಿನಾಥ ಧಕ್ಕೆಗೆ ಪ್ರತಿ ಭಾನುವಾರ ಧಕ್ಕೆ ತರುತ್ತಿದ್ದ.) ನೀರಿನಲ್ಲಿ ಮುಂದೆ ಹೋಗುವುದು ಅವನಿಗೆ ಮೂರೇ ದಿನದಲ್ಲಿ ಬಂತು. ಕಷ್ಟವೆಲ್ಲ ಕಡೆಯ ಇಪ್ಪತ್ತು ಮಾರಿನಲ್ಲಿ. ನಿಧಾನಕ್ಕೆ ಬರುತ್ತಿದ್ದ, ಬಲಮಗ್ಗುಲನ್ನು ಜೆಟ್ಟಿಗೆ ತೋರಿಸುತ್ತಿದ್ದ, ನಿಲ್ಲಿಸಲೆಂದು ರಿವರ್ಸ್ ಹಾಕುತ್ತಿದ್ದ. ತಕ್ಷಣ ದೋಣಿಯ ಬಾಲ, ಜೆಟ್ಟಿಯ ಮೇಲೆ ಯಾರೋ ಆಗದವರನ್ನು ಕಂಡ ಹಾಗೆ, ಆಚೆ ಸರಿದುಬಿಡುತ್ತಿತ್ತು. ಬಾಲ ಆಚೆ ಹೋದರೆ ಮೂತಿ ಈಚೆ. ಧಡ್! ಚಕ್ರ ತಿರುಗಿಸುತ್ತಿದ್ದ, ರಿವರ್ಸಿನಲ್ಲಿ ಚುಕ್ಕಾಣಿ ಅವನ ಮಾತಿಗೆ ಓಗೊಡುತ್ತಿರಲಿಲ್ಲ. ಇನ್ನೂ ಜೋರಾಗಿ ತಿರುಗಿಸುತ್ತಿದ್ದ. ಧಡ್!

"ಮೊಬೈಲಿನ್ಯಾಗ ಇಂವಾ ಹೆಂಗ ಆರಾಮ ಹಚ್ಚತಾನ ನೋಡ ಅಕ್ಕಾ!" ಎಂದು ವಿಡಿಯೋ ತೋರಿಸುತ್ತಿದ್ದ.

"ಆ ದೋಣಿಗೆ ಎರಡು ಇಂಜಿನ್ ಉಂಟು," ಎನ್ನುತ್ತಿದ್ದ ಮೋನಪ್ಪ. "ಒಂದು ಮುಂದೆ, ಒಂದು ಹಿಂದೆ ಕೊಟ್ರೆ ನಿಂತಲ್ಲೇ ತಿರುಗ್ತದೆ. ನಿಮ್ಮದಕ್ಕೆ ಒಂದೇ. ಅದಕ್ಕೆ ಎಡಮಗ್ಗುಲು ಕೊಟ್ಟು ಬನ್ನಿ ಅಂತ ನಾನು ಮೊದಲ ದಿನವೇ ಹೇಳಿದ್ದು."

ಹೌದು, ಹೇಳಿದ್ದ. ಎಡಮಗ್ಗುಲಿನ ಮಾತು ಬಂದಾಗಲೆಲ್ಲ ಕಾಶಿನಾಥ ಅಕ್ಕನ ಮುಖ ನೋಡುತ್ತಿದ್ದ, ಅಕ್ಕ ಸಮುದ್ರ ನೋಡುತ್ತಿದ್ದಳು. ಯಾಕೆಂದರೆ ಪೂಜೆಯ ದಿನ ತೆಂಗಿನಕಾಯಿ ಒಡೆದು, ವಿಭೂತಿ ಹಚ್ಚಿ, ದೇವಕ್ಕನೇ ಅಪ್ಪಣೆ ಕೊಡಿಸಿದ್ದಳು: "ಹೊಸಾ ಸೊಸಿ ಬಲಗಾಲಿಟ್ಟು ಬರೂದಿಲ್ಲೇನು? ಹಂಗ ಇದೂ ಬಲಮಗ್ಗಲಾ ಹಚ್ಚೇ ದಂಡಿ ಸೇರಬೇಕು. ಎಡಮಗ್ಗಲಾ ಹಚ್ಚಿದಿ ಅಂದ್ರ ನಾ ಹತ್ತಂಗಿಲ್ಲ ನೋಡ ಕಾಶ್ಯಾ."

ಇದನ್ನು ಕೇಳಿದ ಮೋನಪ್ಪ "ನಂಬಿಕೆ ಅಂದ ಮೇಲೆ ನಾನು ಎಂತ ಹೇಳುವುದು?" ಎಂದು ಎದ್ದುಹೋಗಿ ಎಲ್ಲಿಂದಲೋ ಮೂರು ಹಳೆಯ ಲಾರಿ ಟಯರು ತಂದು ದೋಣಿಯ ಬಲಮಗ್ಗುಲಿಗೆ ತೂಗುಹಾಕಿದ್ದ.

ಹೀಗೆ ಒಂಬತ್ತು ಭಾನುವಾರ ಕಳೆದವು. ಹತ್ತನೆಯದಕ್ಕೆ ಮುಂಚೆ ಬೆಳಗಾವಿಯಿಂದ ಬೀಗರ ಫೋನು ಬಂತು.

ಕಾಶಿನಾಥನ ಮಗಳು ಶ್ರೇಯಾಳಿಗೆ ಬೆಳಗಾವಿಯ ಚನ್ನಬಸಯ್ಯನವರ ಮಗನೊಂದಿಗೆ ಮದುವೆ ಗೊತ್ತಾಗಿತ್ತು. ಸೀರೆ ಜವಳಿಗೆ ಮುಂಬಯಿಗೆ ಬರುತ್ತೇವೆ ಎಂದರು ಚನ್ನಬಸಯ್ಯ. "ಬರ್ರಿ ಬರ್ರಿ! ನಮ್ಮ ಸ್ವಂತ ದೋಣಿಯೊಳಗ ಸಮುದ್ರ ತೋರಿಸ್ತೀನಿ, ನಾನ ನಡಸ್ತೀನಿ!" ಎಂದ ಕಾಶಿನಾಥ. ಫೋನು ಇಡುವಷ್ಟರಲ್ಲಿ ರಂಜನಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ದೇವಕ್ಕನೂ ಅಂದು ಅಲ್ಲೇ ಇದ್ದಳು, ಬೆಳ್ಳುಳ್ಳಿ ಸುಲಿಯುತ್ತ.

"ಕರದೀರಿಲ್ಲೊ? ಆತು. ನನ್ನ ಮಾತೂ ಕೇಳ್ರಿ," ಎಂದಳು ರಂಜನಾ. "ಬೀಗರ ಮುಂದ ಆ ನಿಮ್ಮ ಸವತಿ ಒಂದ ಸಲ ಧಡ್ ಅಂತು ಅಂದ್ರ, ಮರುದಿನಾನ ಭಂಗಾರದವನ್ನ ಕರೆಸಿ ತೂಕಕ್ಕ ಹಾಕತೀನಿ. ಸದ್ದಿಲ್ಲದ ದಂಡಿ ಸೇರಿತಂದ್ರ, ಇರಲಿ. ನಾನೂ ಕುಂಕುಮಾ ಹಚ್ಚತೀನಿ." (ಭಂಗಾರವೆಂದರೆ ಮುಂಬಯಿಯ ಗುಜರಿ, ನಮ್ಮ ಬಂಗಾರವಲ್ಲ. ಒಂದಕ್ಷರದ ಉಸಿರಿನಲ್ಲಿ ಎಷ್ಟು ದೂರ!)

ದೇವಕ್ಕನ ಕೈಯ ಬೆಳ್ಳುಳ್ಳಿ ಜಾರಿತು. ದೋಣಿ ಹೋದರೆ ಭಾನುವಾರ ಹೋಯಿತು. ಭಾನುವಾರ ಹೋದರೆ ಉಳಿಯುವುದು ವಡಾಲದ ಬಚ್ಚಲುಮನೆಯ ಮುಂದಿನ ಸ್ಟೂಲು.

ಸ್ಟೂಲಿನ ವಿಷಯ ಹೇಳಲಿಲ್ಲ ಅಲ್ಲವೆ? ವಡಾಲದ ಮನೆಯಲ್ಲಿ ಬಟ್ಟೆ ಒಗೆಯುವ ಮಷೀನು ಇತ್ತು. ಬಟ್ಟೆ ಹಿಂಡುವ ಹೊತ್ತಿಗೆ ಅದು ನಡುಗುತ್ತ ನಡುಗುತ್ತ ಎಡಕ್ಕೆ ನಡೆಯುತ್ತಿತ್ತು. ಬಾಗಿಲವರೆಗೆ ಬಂದು ಹೊಸ್ತಿಲಿಗೆ ಬಡಿಯುತ್ತಿತ್ತು. ಅದನ್ನು ತಡೆಯಲು ದೇವಕ್ಕ ದಿನಾ ಬೆಳಿಗ್ಗೆ ಎಡಗಡೆ ಸ್ಟೂಲು ಹಾಕಿಕೊಂಡು ಕೂತು, ಅದಕ್ಕೆ ಬೆನ್ನು ಕೊಟ್ಟು, ಜಪ ಮುಗಿಸುತ್ತಿದ್ದಳು.

ಫೋನು ಬಂದ ಮರುದಿನವೂ ಹಾಗೇ ಕೂತಿದ್ದಳು. ಮಷೀನು ಗುಂಯ್ ಎಂದು ಸುತ್ತಲು ತೊಡಗಿ, ಬೆನ್ನಿಗೆ ಒತ್ತಿತು. ದೇವಕ್ಕನ ಬಾಯಲ್ಲಿ "ಓಂ ನಮಃ..." ಅಲ್ಲೇ ನಿಂತಿತು. ಸುತ್ತುವುದು ಒಂದೇ ದಿಕ್ಕಿಗೆ. ನಡೆಯುವುದೂ ಒಂದೇ ದಿಕ್ಕಿಗೆ. ಒಂದು ದಿನವಾದರೂ ಇದು ಬಲಕ್ಕೆ ನಡೆದದ್ದುಂಟೆ? ಇಲ್ಲ. ಹಾಗಾದರೆ ಗಂಗಾಂಬಿಕೆಯ ಬಾಲ?

ಅವಳಿಗೆ ಓದುಬರಹ ಅಷ್ಟಕ್ಕಷ್ಟೆ. ರುಜು ಹಾಕುವಾಗ 'ದೇ' ಬರೆದು ಒಂದು ನಿಮಿಷ ವಿಶ್ರಾಂತಿ ಪಡೆದು 'ವ' ಬರೆಯುವವಳು. ಆದರೆ ಲೆಕ್ಕ ತಪ್ಪುವವಳಲ್ಲ. ಹತ್ತನೆಯ ಭಾನುವಾರ ಸೆರಗಿನ ಎಡತುದಿಯಲ್ಲೊಂದು, ಬಲತುದಿಯಲ್ಲೊಂದು ಗಂಟು ಮಾಡಿಕೊಂಡು, ಮಡಿಲಲ್ಲಿ ಅವರೆಕಾಳು ಹಾಕಿಕೊಂಡು ಕೂತಳು. ತಮ್ಮ ರಿವರ್ಸ್ ಹಾಕಿದಾಗ ಬಾಲ ಎಡಕ್ಕೆ ಹೋದರೆ ಎಡಗಂಟಿಗೆ ಒಂದು ಕಾಳು, ಬಲಕ್ಕೆ ಹೋದರೆ ಬಲಗಂಟಿಗೆ ಒಂದು. ಕಾಶಿನಾಥ ಅಂದು ಇಪ್ಪತ್ತಮೂರು ಸಲ ರಿವರ್ಸ್ ಹಾಕಿದ. ಎಡಗಂಟಿನಲ್ಲಿ ಇಪ್ಪತ್ತಮೂರು ಕಾಳು. ಬಲಗಂಟು ಖಾಲಿ.

ಅವಳು ಗಂಟು ಬಿಚ್ಚಿ ಮೋನಪ್ಪನ ಮುಂದೆ ಕಾಳು ಸುರಿದು, ಮಷೀನಿನ ಕಥೆ ಹೇಳಿದಳು.

ಮೋನಪ್ಪನ ಬೀಡಿ ಆರಿಹೋಯಿತು. "ಅಯ್ಯೋ ದೇವಕ್ಕಾ, ನನಗೆ ಇದು ತಿಳಿಲಿಕ್ಕೆ ಎರಡು ವರ್ಷ ಬೇಕಾಯ್ತು! ನೀವು ಬಟ್ಟೆ ಒಗೆದು ಕಲ್ತಿರಾ? ಹೌದು, ಇಂಥ ಪಂಖ ಹಿಂದೆ ತಿರುಗಿದ್ರೆ ಬಾಲವನ್ನು ಎಡಕ್ಕೇ ನಡೆಸ್ತದೆ. ಅದನ್ನು ತಡೆಯುವುದು ಎಂತಕೆ? ಜೆಟ್ಟಿಯನ್ನೇ ಎಡಕ್ಕೆ ಇಟ್ಕೊಂಡು ಬನ್ನಿ. ಅದರಷ್ಟಕ್ಕೆ ಅದೇ ಬಾಲ ತಂದು ಕೂಡಿಸ್ತದೆ." ಆಮೇಲೆ ದನಿ ತಗ್ಗಿಸಿದ. "ಕಾಶಿನಾಥರು ಡೀಸೆಲ್ ತರಲಿಕ್ಕೆ ಹೋಗಿದ್ದಾರೆ. ಬರುವುದು ಅರ್ಧ ಗಂಟೆ. ಒಮ್ಮೆ ಹಿಡಿದು ನೋಡ್ತೀರಾ?"

ದೇವಕ್ಕ ಸೆರಗನ್ನು ಸೊಂಟಕ್ಕೆ ಬಿಗಿದಳು.

ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಇಂಜಿನು ಶುರುವಾದದ್ದು ಅವಳಿಗೆ ಗೊತ್ತಾಗಲಿಲ್ಲ. ಚಕ್ರ ಹಿಡಿದ ಕೈಗೆ ದೋಣಿಯ ಮೈಯೆಲ್ಲ ತಿಳಿಯಿತು, ಹಾಲು ಕರೆಯುವಾಗ ಎಮ್ಮೆಯ ಮೈ ತಿಳಿಯುವ ಹಾಗೆ. ಮೋನಪ್ಪ ಹೇಳಿದಂತೆ ಜೆಟ್ಟಿಯನ್ನು ಎಡಕ್ಕೆ ಇಟ್ಟುಕೊಂಡು, ಓರೆಯಾಗಿ ಮೂತಿ ತೋರಿಸಿದಳು. ಗೇರನ್ನು ನಡುವಿಗೆ ತಂದು ಕೈಬಿಟ್ಟಳು. ಇಲ್ಲಿಯೇ ಕಾಶಿನಾಥ ಗಡಿಬಿಡಿ ಮಾಡುತ್ತಿದ್ದದ್ದು. ದೇವಕ್ಕ ಮಾಡಲಿಲ್ಲ. ಹಾಲು ಉಕ್ಕುವುದನ್ನು ಕಾಯುವವಳ ಹಾಗೆ ಕಾದಳು. ಮೂತಿ ಜೆಟ್ಟಿಯಿಂದ ಒಂದು ಮಾರು ದೂರವಿರುವಾಗ ರಿವರ್ಸ್ ಹಾಕಿ ಒಂದು, ಎರಡು, ಮೂರು ಎಣಿಸಿ ತೆಗೆದಳು. ದೋಣಿ ನಿಂತಿತು. ಮತ್ತೆ ಬಾಲ... ಬಾಲ ತಾನಾಗಿ, ಯಾರೂ ಕರೆಯದೆ, ಎಡಕ್ಕೆ ಜಾರಿ ಜಾರಿ ಬಂದು, ಜೆಟ್ಟಿಗೆ ಕಟ್ಟಿದ್ದ ಟಯರಿಗೆ ಒರಗಿತು. ಸದ್ದೇ ಇಲ್ಲ! ಬೆಕ್ಕು ಗೋಡೆಗೆ ಮೈ ತಿಕ್ಕಿದ ಹಾಗೆ!

"ಮೋನಪ್ಪಣ್ಣಾರ!" ಎಂದು ಕೂಗಿ ದೇವಕ್ಕ ಅರವತ್ತೇಳು ವರ್ಷದ ಮಂಡಿಗಳನ್ನು ಮರೆತು ಒಮ್ಮೆ ಜಿಗಿದಳು. ಜಿಗಿದು, ಮರೆಯದೆ, ಹಗ್ಗ ತೆಗೆದುಕೊಂಡು ಗೂಟಕ್ಕೆ ಎರಡು ಸುತ್ತು ಹಾಕಿ ಬಿಗಿದಳು. ಹೀಗೆ ಆರು ಸಲ ಹೋದಳು, ಆರು ಸಲ ಬಂದಳು. ಆರನೆಯ ಸಲ ಜೆಟ್ಟಿಯ ಮೇಲೆ ಡೀಸೆಲ್ ಕ್ಯಾನು ಹಿಡಿದು ಕಾಶಿನಾಥ ಬಾಯಿ ತೆರೆದು ನಿಂತಿದ್ದ.

"ಅದು ಗಾಳಿ," ಎಂದ.

"ಯಾವ ಗಾಳಿನೋ? ಆರ ಸಲಾನೂ ಗಾಳಿನ?"

"ಎಡಮಗ್ಗಲಾ ಹಚ್ಚೀಯಲ್ಲ! ಎಡಮಗ್ಗಲಾ ಹಚ್ಚಿದರ ಹತ್ತಂಗಿಲ್ಲ ಅಂದಾಕಿ ಯಾರು? ಒಂಬತ್ತ ಐತವಾರ ನನ್ನ ಮಾನಾ ಯಾರ ಮಾತಿಗೆ ಹೋತು?"

ಮಾತು ನ್ಯಾಯವಾದದ್ದು. ದೇವಕ್ಕ ಕ್ಷಣ ಹೊತ್ತು ಸಮುದ್ರ ನೋಡಿದಳು. ಆಮೇಲೆ ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಅಂಗೈ ಬಿಡಿಸಿ ತಮ್ಮನ ಮೂಗಿನ ಮುಂದೆ ಹಿಡಿದಳು.

"ಪೂಜಿ ಮಾಡುವಾಗ ಲಿಂಗಾ ಯಾವ ಕೈಯಾಗ ಇಟ್ಕೋತೀ?"

"... ಎಡಗೈಯಾಗ."

"ಮತ್ತ? ದೇವರು ಬಂದು ಕೂಡೂದು ಎಡಕ್ಕ. ನಿನ್ನ ದೋಣಿ ದೇವರಿಗಿಂತಾ ದೊಡ್ಡದೇನು?"

"ಇದನ್ನ ಒಂಬತ್ತ ವಾರದ ಹಿಂದ ಹೇಳಬಾರದಿತ್ತೇನ ಅಕ್ಕಾ?" ಎಂದು ಕಾಶಿನಾಥ ಡೀಸೆಲ್ ಕ್ಯಾನಿನ ಮೇಲೆಯೇ ಕುಸಿದು ಕೂತ. ಎಡಮಗ್ಗುಲಿಗೆ ಒಪ್ಪಿದ. ಆದರೆ ಒಂದು ಮಾತು ಮಾತ್ರ ಖಡಾಖಂಡಿತ: "ಬೀಗರ ಮುಂದ ಚಕ್ರಾ ನಾನ ಹಿಡ್ಯಾಂವ. ನೀ ಹಗ್ಗಾ ನೋಡ್ಕೋ."

"ನನ್ನ ಹಗ್ಗಾ ನಂಗ ಗೊತ್ತೈತಿ. ಇನ್ನೂತನಾ ಒಂದ ಸಲಾ ತಪ್ಪಿಲ್ಲ," ಎಂದಳು ದೇವಕ್ಕ.

ಬೀಗರು ಬಂದ ಭಾನುವಾರ ಗಂಗಾಂಬಿಕೆಗೆ ಚೆಂಡುಹೂವಿನ ಹಾರ, ಮೂತಿಗೆ ವಿಭೂತಿ. ಚನ್ನಬಸಯ್ಯ ಜರಿ ರುಮಾಲಿನ ಜೊತೆಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು ನಿಬ್ಬಣದ ಹಿರಿಯರಂತೆ ಕೂತರು. ಅವರ ಹೆಂಡತಿ ಮಲ್ಲವ್ವನಿಗೆ ಮಂಡಿನೋವು. ಅವಳಿಗೆ ದೋಣಿಯ ಹಿಂಬದಿ ಪ್ಲಾಸ್ಟಿಕ್ ಕುರ್ಚಿ, ಕೈಯಲ್ಲಿ ಹೋಳಿಗೆಯ ತಟ್ಟೆ. ಮೋನಪ್ಪ ಹತ್ತಲಿಲ್ಲ. "ನಾನು ಪಕ್ಕದಲ್ಲಿ ನಿಂತ್ರೆ ಕಾಶಿನಾಥರ ಮರ್ಯಾದೆಗೆ ಕಡಿಮೆ. ಕೂಗಿದ್ರೆ ಕೇಳುವಷ್ಟು ದೂರದಲ್ಲಿ ಚಾ ಅಂಗಡಿಯಲ್ಲಿ ಇರ್ತೇನೆ. ನೀರು ಇಳಿಲಿಕ್ಕೆ ಶುರು ಆಗುವುದರೊಳಗೆ ಬನ್ನಿ." ದೇವಕ್ಕ ಹಗ್ಗ ಬಿಚ್ಚಿ, ಮೂತಿಯ ಮೇಲೆ ಜಿಲೇಬಿಯ ಹಾಗೆ ಸುತ್ತಿಟ್ಟು, ಅದರ ಪಕ್ಕ ಕೂತಳು.

ಸಮುದ್ರ ನೋಡಿದ್ದಾಯಿತು. ಮಲ್ಲವ್ವ ಎರಡು ಹೋಳಿಗೆ ಮುಗಿಸಿದಳು. ಶ್ರೇಯಾ ಹದಿನೇಳು ಫೋಟೋ ತೆಗೆದಳು. ಎಲ್ಲರೂ ಖುಷಿಯಲ್ಲಿರುವಾಗ ಹೊತ್ತು ಮೀರಿತು. ಜೆಟ್ಟಿಗೆ ಮರಳುವಷ್ಟರಲ್ಲಿ ನೀರು ಇಳಿಯತೊಡಗಿತ್ತು, ದಂಡೆಯ ಕಡೆಯಿಂದ ಗಾಳಿಯೂ ಎದ್ದಿತ್ತು. ರಂಜನಾ ಕಣ್ಣನ್ನು ಜೆಟ್ಟಿಯ ಮೇಲೆ ನೆಟ್ಟಳು. ಕಾಶಿನಾಥ ವೇಗ ಇಳಿಸಿದ. ಎಡಮಗ್ಗುಲು... ಎಡಮಗ್ಗುಲು... ಎಂದು ತುಟಿ ಆಡಿಸುತ್ತಿದ್ದ.

ಆಗ ಚನ್ನಬಸಯ್ಯ ಗಂಟಲು ಸರಿಮಾಡಿಕೊಂಡು ಕೇಳಿದರು: "ಬೀಗರ, ಇದಕ್ಕ ಬ್ರೇಕ್ ಎಲ್ಲೈತ್ರಿ?"

ಹತ್ತು ವಾರದ ಹಿಂದೆ ತಾನೇ ಕೇಳಿದ ಪ್ರಶ್ನೆ! ಕಾಶಿನಾಥನ ಮುಖ ಅರಳಿತು. ಒಂದು ಕೈಯಲ್ಲಿ ಚಕ್ರ ಹಿಡಿದು, ಹಿಂದಕ್ಕೆ ತಿರುಗಿ, "ಹಂಗಲ್ಲ ಬೀಗರ, ದೋಣಿ ಶಾಸ್ತ್ರದೊಳಗ ಏನಂದ್ರ..." ಎಂದು ಉಪನ್ಯಾಸ ಆರಂಭಿಸಿದ. ಉಪನ್ಯಾಸ ಮುಂದೆ ಹೋದ ಹಾಗೆ ಕೈ ತನ್ನ ಹಳೆಯ ಚಾಳಿಗೆ ಹೋಯಿತು. ದೋಣಿ ಬಲಮಗ್ಗುಲು ತೋರಿಸಿತು. ಅವನು ತಿರುಗಿ ನೋಡಿ, ಬೆಚ್ಚಿ, ರಿವರ್ಸ್ ಎಳೆದ. ಬಾಲ ಎಂದಿನಂತೆ ಎಡಕ್ಕೆ, ಎಂದರೆ ಜೆಟ್ಟಿಯಿಂದ ಆಚೆಗೆ, ಸರ್ರನೆ ಹೊರಟಿತು. ಮೂತಿ ತಿರುಗಿದ್ದು ಎಲ್ಲಿಗೆ ಅಂತೀರಿ? ಜೆಟ್ಟಿಯ ಕೊನೆಯಲ್ಲಿ ಬಿದಿರ ಗಳಕ್ಕೆ ಸಾಲುಸಾಲಾಗಿ ಒಣಹಾಕಿದ್ದ ಬೊಂಬಿಲ್ ಮೀನಿನ ತೋರಣಕ್ಕೆ! ಹುಟ್ಟಿದಂದಿನಿಂದ ಈರುಳ್ಳಿಯನ್ನೂ ಸೋಮವಾರ ಬಿಡುವ ಚನ್ನಬಸಯ್ಯನವರ ರುಮಾಲು ಆ ತೋರಣದ ನೇರಕ್ಕೆ ಹೊರಟಿತ್ತು.

"ಪಪ್ಪಾ! ಮಚ್ಛೀ! ಸೀದಾ ಮಚ್ಛೀಗೆ ಹೋಗ್ತಾ ಇದೆ!" ಎಂದು ಶ್ರೇಯಾ ಚೀರಿದಳು.

"ಭಂಗಾರ," ಎಂದಳು ರಂಜನಾ ಮೆಲ್ಲಗೆ.

ಕಾಶಿನಾಥನ ಕೈ ಚಕ್ರದಿಂದ ಕಳಚಿತು. "ಅಕ್ಕಾ," ಎಂದ, ಆರು ವರ್ಷದವನಿದ್ದಾಗ ಎಮ್ಮೆ ಅಟ್ಟಿಸಿಕೊಂಡು ಬಂದಾಗ ಕೂಗಿದ ಅದೇ ದನಿಯಲ್ಲಿ. "ಅಕ್ಕಾ, ನೀನ ಹಿಡಿ!"

ದೇವಕ್ಕ ಮೂತಿಯಿಂದ ಚಕ್ರದವರೆಗಿನ ನಾಲ್ಕು ಹೆಜ್ಜೆಯನ್ನು ಎರಡರಲ್ಲಿ ಮುಗಿಸಿದಳು. ಚಕ್ರವನ್ನು ಬಲಕ್ಕೆ ಪೂರಾ ತಿರುಗಿಸಿ ಮುಂದಿನ ಗೇರಿನಲ್ಲಿ ಒಂದು ಗುಟುಕು ಕೊಟ್ಟಳು. ಮೂತಿ ಬಲಕ್ಕೆ ಹೊರಳಿತು. ಚಕ್ರ ಮುಟ್ಟದೆ ರಿವರ್ಸಿನಲ್ಲಿ ಒಂದು ಗುಟುಕು. ಬಾಲ ಎಡಕ್ಕೆ ನಡೆಯಿತು. ಮತ್ತೆ ಮುಂದೆ, ಮತ್ತೆ ಹಿಂದೆ, ಆ ಆರು ಸಲ ಹೋಗಿ ಬರುವಾಗ ಮೋನಪ್ಪ ತಿರುಗಿಸಲು ಕಲಿಸಿದ ಹಾಗೆ. ಬೀಸುಕಲ್ಲಿನ ಮೇಲ್ಗಲ್ಲು ತಿರುಗಿದ ಹಾಗೆ ಒಂದೇ ಇಂಜಿನಿನ ಗಂಗಾಂಬಿಕೆಯೂ ನಿಂತಲ್ಲೇ ಒಂದು ಸುತ್ತು ತಿರುಗಿತು! ಒಣಮೀನಿನ ತೋರಣ ಚನ್ನಬಸಯ್ಯನವರ ಮೂಗಿನಿಂದ ಎರಡು ಮೊಳ ದೂರದಲ್ಲಿ ಹಾದುಹೋಯಿತು. (ಅವರು ಕಣ್ಣು ಮುಚ್ಚಿದ್ದರು. ಮೂಗು ಮುಚ್ಚಿರಲಿಲ್ಲ.) ದೇವಕ್ಕ ಆಚೆ ಹೋಗಿ, ಸುತ್ತು ಹಾಕಿ, ಜೆಟ್ಟಿಯನ್ನು ಎಡಕ್ಕೆ ಇಟ್ಟುಕೊಂಡು ಓರೆಯಾಗಿ ಬಂದಳು. ಗೇರು ನಡುವಿಗೆ. ಕಾದಳು. ರಿವರ್ಸ್. ಒಂದು, ಎರಡು, ಮೂರು.

ಬಾಲ ಜಾರಿ ಬಂದು ಟಯರಿಗೆ ಒರಗಿತು. ಮಲ್ಲವ್ವನ ತಟ್ಟೆಯ ತುಪ್ಪ ಕೂಡ ಅಲುಗಲಿಲ್ಲ.

ಚಪ್ಪಾಳೆ! ಮೀನು ಆರಿಸುತ್ತಿದ್ದ ಹೆಂಗಸರು ಶಿಳ್ಳೆ ಹಾಕಿದರು. ಚಾ ಅಂಗಡಿಯಿಂದ ಮೋನಪ್ಪ ಗ್ಲಾಸು ಎತ್ತಿ ತೋರಿಸಿದ. ರಂಜನಾ ಎದ್ದು ನಿಂತು, ಬೀಗರೆಲ್ಲ ಕೇಳುವಂತೆ, "ಇರಲಿ. ಈ ದೋಣಿ ಇರಲಿ. ಅಕ್ಕಾರ ಹೆಸರಿಲೆ ಇರಲಿ," ಎಂದು ಪರ್ಸಿನಿಂದ ಕುಂಕುಮದ ಡಬ್ಬಿ ತೆಗೆದು, ಕೊನೆಗೂ ಸವತಿಯ ಹಣೆಗೆ ಬೊಟ್ಟಿಟ್ಟಳು. ಕಾಶಿನಾಥ ಅಕ್ಕನ ಕಾಲು ಮುಟ್ಟಿದ.

ದೇವಕ್ಕ ಇಂಜಿನು ನಿಲ್ಲಿಸಿದಳು. ಚಾವಿ ತೆಗೆದು, ಕಳೆದುಹೋಗಬಾರದೆಂದು, ಸೆರಗಿನ ತುದಿಗೆ ಭದ್ರವಾಗಿ ಗಂಟು ಹಾಕಿಕೊಂಡಳು. ಶ್ರೇಯಾ ಕೈಕೊಟ್ಟಳು. ದೇವಕ್ಕ ಜಯಿಸಿ ಬಂದ ಸೇನಾಪತಿಯಂತೆ ಎಲ್ಲರಿಗಿಂತ ಮೊದಲು ಜೆಟ್ಟಿಗೆ ಕಾಲಿಟ್ಟಳು. (ಬಲಗಾಲು. ಅದು ಬೇರೆ ಮಾತು.) ಹಿಂದೆಯೇ ಕಾಶಿನಾಥ, ರಂಜನಾ, ಶ್ರೇಯಾ, ಚನ್ನಬಸಯ್ಯ. "ನೀವು ನಡೀರಿ, ಇದೊಂದ ಹೋಳಿಗಿ ಮುಗಿಸಿ ಬರ್ತೀನಿ," ಎಂದಳು ಮಲ್ಲವ್ವ ಕುರ್ಚಿಯಿಂದ.

"ಬೀಗತ್ಯಾರ, ಹೆಂಗ ಮಾಡಿದಿರಿ ಅದನ್ನ?" ಎಂದು ಚನ್ನಬಸಯ್ಯ ಕೈಮುಗಿದು ಕೇಳಿದರು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಬ್ಬರು ದೇವಕ್ಕನಿಗೆ ಹೀಗೆ ಕೇಳಿದ್ದು. ಅವಳು ನೀರಿಗೆ ಬೆನ್ನು ಹಾಕಿ, ಎಲ್ಲರನ್ನೂ ಎದುರಿಗೆ ನಿಲ್ಲಿಸಿಕೊಂಡು, ಮೊದಲಿನಿಂದ ಹೇಳತೊಡಗಿದಳು. ಮಷೀನು ಎಡಕ್ಕೆ ನಡೆಯುವುದು. ಅವರೆಕಾಳು, ಇಪ್ಪತ್ತಮೂರು. ಅಂಗೈಯ ಲಿಂಗ. "ಎಲ್ಲಾ ಲಕ್ಷ್ಯದೊಳಗ ಐತ್ರಿ, ಬೀಗರ. ಗಡಿಬಿಡಿ ಮಾಡಬಾರದು, ಒಂದೂ ಮರೀಬಾರದು. ನಮ್ಮ ತಮ್ಮಗ ಅದ ಇಲ್ಲ ನೋಡ್ರಿ. ಒಂದ ನೆನಪಿಟ್ರ ಒಂದ ಬಿಡ್ತಾನ."

ಚನ್ನಬಸಯ್ಯನವರ ಕಣ್ಣು ಅರಳುತ್ತ ಹೋದವು. ರಂಜನಾಳ ಕೈ ಬಾಯಿಗೆ ಹೋಯಿತು. ಮೆಚ್ಚುಗೆ ಇಷ್ಟಿರುತ್ತದೆಂದು ದೇವಕ್ಕ ಎಣಿಸಿರಲಿಲ್ಲ. ಅವಳು ದನಿ ಏರಿಸಿದಳು.

ಆಗ ಬೆನ್ನ ಹಿಂದಿನಿಂದ, ಇರಬೇಕಾದದ್ದಕ್ಕಿಂತ ಬಹಳ ದೂರದಿಂದ, ಮಲ್ಲವ್ವನ ದನಿ ತೇಲಿ ಬಂತು:

"ಬೀಗತ್ಯಾರ... ಮತ್ತೊಂದ ಸುತ್ತು ಹೊಂಟೀವೇನ್ರಿ?"

ದೇವಕ್ಕ ತಿರುಗಿದಳು. ಚೆಂಡುಹೂವಿನ ಹಾರ ಹಾಕಿಕೊಂಡ ಗಂಗಾಂಬಿಕೆ, ಒಂದು ಸದ್ದೂ ಇಲ್ಲದೆ, ಇಳಿಯುವ ನೀರಿನ ಜೊತೆ ಸಮುದ್ರದ ದಾರಿ ಹಿಡಿದಿತ್ತು. ಹಿಂಬದಿ ಕುರ್ಚಿಯಲ್ಲಿ ಬೀಗತಿ, ಮಡಿಲಲ್ಲಿ ತಟ್ಟೆ, ಜೆಟ್ಟಿಯ ಹೆಂಗಸರಿಗೆ ಪ್ರೀತಿಯಿಂದ ಕೈ ಬೀಸುತ್ತಿದ್ದಳು. ಮೂತಿಯ ಮೇಲೆ, ಬೆಳಿಗ್ಗೆ ಸುತ್ತಿಟ್ಟದ್ದು ಸುತ್ತಿಟ್ಟ ಹಾಗೇ, ಒಂದು ಸುತ್ತೂ ಸಡಿಲವಾಗದೆ, ಅಚ್ಚುಕಟ್ಟಾಗಿ, ಜಿಲೇಬಿ.

ದೇವಕ್ಕನ ಕೈ ತಾನಾಗಿ ಸೆರಗಿನ ತುದಿಯ ಚಾವಿಯ ಗಂಟಿಗೆ ಹೋಯಿತು. ಅಂದು ಅವಳು ಹಾಕಿದ್ದು ಅದೊಂದೇ ಗಂಟು.

ಮೋನಪ್ಪ ಪಕ್ಕದ ಮೀನಿನ ದೋಣಿಯವರಿಗೆ ಹೋಗಿ ತರಲು ಕೈಸನ್ನೆ ಮಾಡಿ, ಚಾದ ಗ್ಲಾಸು ಹಿಡಿದುಕೊಂಡೇ ನಿಧಾನವಾಗಿ ಬಂದು ಅವಳ ಪಕ್ಕ ನಿಂತ. ದೂರ ಹೋಗುತ್ತಿದ್ದ ದೋಣಿಯನ್ನು ನೋಡಿದ, ಖಾಲಿ ಗೂಟವನ್ನು ನೋಡಿದ. ಒಂದು ಗುಟುಕು ಕುಡಿದ.

"ದೇವಕ್ಕಾ," ಎಂದ, "ಇವತ್ತು ಹಗ್ಗ ಯಾರು ಕಟ್ಟಿದ್ದು?"